ಮಿನಾದಲ್ಲಿ ದಾರಿ ತಪ್ಪಿದವರು ಯಾರು?

ಹಜ್ಜ್‌ನ ಕುರಿತು ನಾವು ಪಾಠ ಮಾಡತೊಡಗಿ ಎರಡು ದಶಕಗಳು ಸಂದಿವೆ. ಇಹ್ರಾಮ್‌ನಲ್ಲಿ ನಿಷಿದ್ಧವಾದವುಗಳು ಯಾವುವು, ತವಾಫ್ ಸಿಂಧುವಾಗಲು ಏನೇನು ಬೇಕು, ಯಾವ ಲೋಪಕ್ಕೆ ಯಾವ ಪ್ರಾಯಶ್ಚಿತ್ತ ಎಂಬುದನ್ನು ಮದ್ರಸದ ಮಕ್ಕಳಿಗೂ ಹಜ್ಜ್ ತರಗತಿಗೆ ಬರುವ ಹಿರಿಯರಿಗೂ ಹೇಳಿಕೊಡುತ್ತಾ ಬಂದಿದ್ದೇವೆ. ಕಪ್ಪು ಹಲಗೆಯ ಮೇಲೆ ಮಿನಾ, ಮುಝ್ದಲಿಫಾ, ಅರಫಾಗಳನ್ನು ಮೂರು ವೃತ್ತಗಳಾಗಿ ಬರೆದು ಬಾಣದ ಗುರುತು ಎಳೆದರೆ ಪಾಠ ಮುಗಿಯುತ್ತಿತ್ತು. ಆದರೆ ಹಜ್ಜ್‌ನ ಅತಿ ಮುಖ್ಯವಾದ ಒಂದು ಪಾಠ ನಮಗೆ ದೊರೆತದ್ದು ಯಾವುದೇ ಕಿತಾಬಿನ ಪುಟದಲ್ಲಿ ಅಲ್ಲ. ಮಿನಾದ ಬೀದಿಯಲ್ಲಿ, ಇಹ್ರಾಮ್ ಧರಿಸದೆ, ಸ್ವಯಂಸೇವಕರ ಜಾಕೆಟ್ ತೊಟ್ಟು ನಿಂತಿದ್ದ ನಾಲ್ಕು ದಿನಗಳಲ್ಲಿ.

ಹಲವು ವರ್ಷಗಳ ಹಿಂದೆ ನಾವು ಜಿದ್ದಾದಲ್ಲಿದ್ದೆವು. ಅನಿವಾಸಿ ಕುಟುಂಬಗಳ ಮಕ್ಕಳಿಗೆ ಸಂಜೆಯ ವೇಳೆ ಮದ್ರಸ ಪಾಠ ಹೇಳುವುದು ನಮ್ಮ ಕೆಲಸವಾಗಿತ್ತು. ಜಿದ್ದಾದಿಂದ ಮಕ್ಕಾಕ್ಕೆ ಸುಮಾರು 80 ಕಿ.ಮೀ. ದೂರ. ನಮ್ಮ ಸ್ವಂತ ಹಜ್ಜ್ ಅದಕ್ಕೂ ಮುಂಚೆಯೇ ಅಲ್ಲಾಹನ ಅನುಗ್ರಹದಿಂದ ನೆರವೇರಿತ್ತು. ಈದ್‌ನ ರಜೆಯಲ್ಲಿ ಕರಾವಳಿಯ ಕನ್ನಡಿಗರೂ ಮಲಯಾಳಿಗಳೂ ತಂಡ ಕಟ್ಟಿಕೊಂಡು ಹಾಜಿಗಳ ಸೇವೆಗೆ ಹೋಗುವ ರೂಢಿ ಅಲ್ಲಿ ಬಹುಕಾಲದಿಂದ ಇದೆ. ಕಂಪೆನಿಯ ಚಾಲಕರು, ಬಖಾಲಾದ ಕೆಲಸಗಾರರು, ಲೆಕ್ಕಿಗರು, ಎಂಜಿನಿಯರುಗಳು ಎಲ್ಲರೂ ಅದರಲ್ಲಿರುತ್ತಾರೆ. ಒಂದು ವರ್ಷ ಅವರು ನಮ್ಮನ್ನೂ ಕರೆದರು. ನಿಜ ಹೇಳಬೇಕೆಂದರೆ, ಹಾಜಿಗಳಿಗೆ ಮಸ್‌ಅಲಗಳನ್ನು ತಿಳಿಸಿಕೊಡಲು ಒಬ್ಬ ಉಸ್ತಾದ್ ಬೇಕೆಂದೇ ಕರೆದಿದ್ದಾರೆ ಎಂದು ನಾವು ಭಾವಿಸಿದ್ದೆವು. ಅಲ್ಲಿಗೆ ತಲುಪಿದಾಗ ನಮ್ಮ ಕೈಗೆ ಕೊಟ್ಟದ್ದು ಒಂದು ನಕ್ಷೆ, ಒಂದು ಚೀಲ ನೀರಿನ ಬಾಟಲಿಗಳು ಮತ್ತು ಒಂದು ಗಾಲಿಕುರ್ಚಿ.

ಮಿನಾ ಎಂದರೇನೆಂದು ಕಾಣದವರಿಗೆ ಹೇಳುವುದು ಕಷ್ಟ. ಮಕ್ಕಾದ ಪೂರ್ವಕ್ಕೆ, ಬೆಟ್ಟಗಳ ನಡುವಿನ ಕಣಿವೆ ಅದು. ವರ್ಷದ ಬಹುಪಾಲು ದಿನ ಬರಿದಾಗಿರುವ ಆ ಕಣಿವೆ ದುಲ್‌ಹಜ್ಜ್‌ನ ಎಂಟರಿಂದ ಹದಿಮೂರರವರೆಗೆ ಲಕ್ಷಾಂತರ ಜನರ ನಗರವಾಗುತ್ತದೆ. 1997ರ ಏಪ್ರಿಲ್‌ನಲ್ಲಿ ಅಲ್ಲಿ ಬೆಂಕಿ ಹತ್ತಿಕೊಂಡು 343 ಹಾಜಿಗಳು ಮೃತಪಟ್ಟ ಬಳಿಕ, ಬೆಂಕಿ ತಗುಲದ ಬಟ್ಟೆಯ ಡೇರೆಗಳನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. ಒಂದು ಲಕ್ಷಕ್ಕೂ ಅಧಿಕ ಡೇರೆಗಳು; ಎಲ್ಲವೂ ಬಿಳಿ, ಎಲ್ಲವೂ ಒಂದೇ ಆಕಾರ. ಜಮರಾತ್‌ಗೆ ಕಲ್ಲೆಸೆಯಲು ಹೋದವರು, ನೂಕುನುಗ್ಗಲು ತಪ್ಪಿಸುವ ಏರ್ಪಾಡಿನ ಕಾರಣ, ಹೋದ ದಾರಿಯಲ್ಲೇ ಮರಳುವಂತಿಲ್ಲ. ಬೇರೆ ದಿಕ್ಕಿನಿಂದ ಹೊರಬರಬೇಕು. ಊರಿನಲ್ಲಿ ಮಸೀದಿ, ಆಲದ ಮರ, ಗೂಡಂಗಡಿಗಳನ್ನು ಗುರುತಿಟ್ಟುಕೊಂಡು ನಡೆದ ಎಪ್ಪತ್ತರ ವೃದ್ಧರಿಗೆ ಅಲ್ಲಿ ಯಾವ ಗುರುತೂ ಇಲ್ಲ. ಉಟ್ಟ ಬಟ್ಟೆಯೂ ಎಲ್ಲರದ್ದೂ ಒಂದೇ. ಆದುದರಿಂದ ಪ್ರತಿ ವರ್ಷವೂ ದಾರಿ ತಪ್ಪುವವರು ಬಹಳ. ಅವರನ್ನು ಡೇರೆಗೆ ಮುಟ್ಟಿಸುವುದೇ ಸ್ವಯಂಸೇವಕರ ಮುಖ್ಯ ಕೆಲಸ.

ನಮ್ಮ ತಂಡದ ನಾಯಕರು ಬಂಟ್ವಾಳ ತಾಲೂಕಿನವರು. ಆರನೇ ತರಗತಿಗೆ ಶಾಲೆ ಬಿಟ್ಟವರು. ಜಿದ್ದಾದಲ್ಲಿ ನೀರಿನ ಲಾರಿ ಓಡಿಸುತ್ತಿದ್ದರು. ಮಿನಾದ ಸೇತುವೆಗಳು, ಕಂಬಗಳ ಸಂಖ್ಯೆಗಳು, ಯಾವ ದೇಶದವರ ಡೇರೆ ಎಲ್ಲಿ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಮೊದಲ ದಿನವೇ ಅವರು ನಮಗೆ ಎರಡು ಮಾತು ಹೇಳಿದರು: “ಉಸ್ತಾದರೇ, ಮೊದಲು ನೀರು ಕೊಡಿ, ಆಮೇಲೆ ಪ್ರಶ್ನೆ ಕೇಳಿ. ಮತ್ತೆ, ಕುಳಿತವರ ಹತ್ತಿರ ನಿಂತು ಮಾತನಾಡಬೇಡಿ, ನೀವೂ ಕುಳಿತುಕೊಳ್ಳಿ.” ಇಪ್ಪತ್ತು ವರ್ಷಗಳ ನಮ್ಮ ಓದಿನಲ್ಲಿ ಇಷ್ಟು ಚಿಕ್ಕದಾಗಿ ಅದಬ್ ಕಲಿಸಿದವರನ್ನು ನಾವು ಹೆಚ್ಚು ಕಂಡಿಲ್ಲ.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಪಶ್ಚಿಮ ಆಫ್ರಿಕಾದ ವೃದ್ಧ ಮಹಿಳೆಯೊಬ್ಬರು ಬಿಸಿಲಿನಲ್ಲಿ ನಡೆಯುತ್ತಾ ನಮ್ಮ ಕಣ್ಣೆದುರೇ ಕುಸಿದು ಬಿದ್ದರು. ನಾವು ತಡೆದು ನಿಂತೆವು. ಪರಸ್ತ್ರೀ, ಮುಟ್ಟಿ ಎತ್ತುವುದು ಹೇಗೆ ಎಂದು ಹತ್ತಿರದಲ್ಲಿ ಯಾರಾದರೂ ಮಹಿಳೆಯರಿದ್ದಾರೆಯೇ ಎಂದು ಅತ್ತಿತ್ತ ನೋಡಿದೆವು. ಅಷ್ಟರಲ್ಲಿ ಆ ಲಾರಿ ಚಾಲಕರೂ ಇನ್ನೊಬ್ಬರೂ ಆಕೆಯನ್ನು ಗಾಲಿಕುರ್ಚಿಗೆ ಎತ್ತಿ ನೆರಳಿಗೆ ತಂದು, ತಲೆಗೂ ಕೈಕಾಲಿಗೂ ನೀರು ಚಿಮುಕಿಸಿ, ಚಿಕಿತ್ಸಾಲಯದತ್ತ ತಳ್ಳತೊಡಗಿದ್ದರು. ಅನಿವಾರ್ಯತೆಯು ನಿಷಿದ್ಧವನ್ನು ಸಡಿಲಿಸುತ್ತದೆ ಎಂಬ ಫಿಕ್ಹ್ ಸೂತ್ರವನ್ನು ನಾವು ವರ್ಷವರ್ಷವೂ ಹಲಗೆಯ ಮೇಲೆ ಬರೆದು ವಿವರಿಸಿದವರು. ಸೂತ್ರ ಬಲ್ಲವರು ನಿಂತಿದ್ದರು, ಅದನ್ನು ಓದದವರು ಜೀವ ಉಳಿಸಿದರು. ಜ್ಞಾನವು ಕೈಗೆ ಇಳಿಯದಿದ್ದರೆ ಅದು ಹಲಗೆಯ ಮೇಲಿನ ಸುಣ್ಣದ ಗೀಟಷ್ಟೇ ಎಂದು ಆ ಸಂಜೆ ನಮಗೆ ಅರಿವಾಯಿತು.

ಹತ್ತನೇ ದಿನ, ಅಂದರೆ ಈದ್‌ನ ದಿನ, ಅಸರ್ ಕಳೆದ ಬಳಿಕ ಸೇತುವೆಯೊಂದರ ನೆರಳಿನಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ಇಹ್ರಾಮ್‌ನ ಬಟ್ಟೆ ಧೂಳಾಗಿತ್ತು. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಪಕ್ಕದಲ್ಲಿ ಯಾರೋ ಕೊಟ್ಟ ಊಟದ ಪೊಟ್ಟಣ ತೆರೆಯದೆ ಹಾಗೆಯೇ ಇತ್ತು. ಉತ್ತರ ಭಾರತದ ಇಬ್ಬರು ಯುವಕರು ಅವರಲ್ಲಿ ಉರ್ದುವಿನಲ್ಲಿ ಏನೇನೋ ಕೇಳುತ್ತಿದ್ದರು. ಅಜ್ಜ ತಲೆಯಲ್ಲಾಡಿಸುತ್ತಿದ್ದರೇ ಹೊರತು ಉತ್ತರಿಸುತ್ತಿರಲಿಲ್ಲ. ಕಿವಿ ಕೇಳಿಸದು, ಇಲ್ಲವೇ ಬುದ್ಧಿ ಕದಡಿದೆ ಎಂದು ಆ ಯುವಕರು ನಮಗೆ ತಿಳಿಸಿದರು. ನಾವು ನೀರು ಕೊಟ್ಟು ಪಕ್ಕದಲ್ಲಿ ಕುಳಿತು, ಏಕೆಂದು ಈಗಲೂ ತಿಳಿಯದು, ಕನ್ನಡದಲ್ಲಿ ಕೇಳಿದೆವು: “ಅಜ್ಜಾ, ಯಾವ ಊರು ನಿಮ್ಮದು?”

ಅವರು ನಮ್ಮ ಎರಡೂ ಕೈ ಹಿಡಿದುಕೊಂಡರು. “ಯಪ್ಪಾ, ಕನ್ನಡ ಬರ್ತೈತೇನೋ ನಿನಗ? ಮುಂಜಾನಿಂದ ಒಬ್ಬರಿಗೂ ನನ್ನ ಮಾತು ತಿಳೀವಲ್ದು” ಎಂದು ಅತ್ತರು.

ಅವರು ಗದಗದ ಕಡೆಯ ಹಳ್ಳಿಯವರು, ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ಅವರ ಮನೆಮಾತು ಕನ್ನಡ; ಉರ್ದು ಬಾರದು. ಕರಾವಳಿಯಲ್ಲಿ ಬ್ಯಾರಿ ಮಾತನಾಡುತ್ತಾ ಬೆಳೆದ ನಾವು, ‘ಮುಸಲ್ಮಾನರಿಗೆ ಉರ್ದು ಬರುತ್ತದೆ’ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆವು. ಆದರೂ ಆ ಅಜ್ಜನನ್ನು ಕಂಡಾಗ ಕಿವಿ ಕೇಳಿಸದವರೆಂಬ ಮಾತನ್ನು ನಾವೂ ಅರೆಕ್ಷಣ ನಂಬಿದ್ದೆವು. ಕೈಪಟ್ಟಿ ಬಿಗಿಯಾಗುತ್ತಿತ್ತೆಂದು ಅವರು ಅದನ್ನು ಬಿಚ್ಚಿ ಡೇರೆಯಲ್ಲಿ ಚೀಲದೊಳಗೆ ಇಟ್ಟು ಬಂದಿದ್ದರು. ಬೆಳಿಗ್ಗೆ ಜಮರಾತ್‌ನ ಜನಸಂದಣಿಯಲ್ಲಿ ತಂಡ ಕೈತಪ್ಪಿತ್ತು. ಸೊಂಟದ ಪಟ್ಟಿಯಿಂದ ಬೆವರಿನಲ್ಲಿ ನೆನೆದ ಒಂದು ಚೀಟಿ ತೆಗೆದು ತೋರಿಸಿದರು. ಜೊತೆಗೆ ಬಂದಿದ್ದ ನಿವೃತ್ತ ಕನ್ನಡ ಶಾಲೆಯ ಮಾಸ್ತರರೊಬ್ಬರು ಮಕ್ತಬ್‌ನ ಸಂಖ್ಯೆಯನ್ನೂ ತಮ್ಮ ಫೋನ್ ಸಂಖ್ಯೆಯನ್ನೂ ಅದರಲ್ಲಿ ಬರೆದುಕೊಟ್ಟಿದ್ದರು. ಅಂಕಿಗಳು ಸಹ ಕನ್ನಡದವು! ಬೆಳಗಿನಿಂದ ಅಜ್ಜ ಆ ಚೀಟಿಯನ್ನು ಎಷ್ಟೋ ಜನರಿಗೆ ತೋರಿಸಿದ್ದರು. ಅರಬರು, ಪಾಕಿಸ್ತಾನಿಗಳು, ಬಿಹಾರದವರು, ಪೊಲೀಸರು ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿ ಮರಳಿ ಕೊಟ್ಟಿದ್ದರು.

ನಾವು ಕನ್ನಡದಲ್ಲಿ ಬಿ.ಎ. ಮಾಡಿದವರು. ಮದ್ರಸದಲ್ಲಿ ಕಲಿತವನಿಗೆ ಈ ಪದವಿ ಏತಕ್ಕೆ ಎಂದು ಬಂಧುಗಳು ಕೇಳಿದ್ದುಂಟು. ನಮಗೂ ಅದು ಗೋಡೆಗೆ ತೂಗುವ ಪ್ರಮಾಣಪತ್ರಕ್ಕಿಂತ ಹೆಚ್ಚೆನಿಸಿರಲಿಲ್ಲ. ಅರಬಿಯ ನಾಡಿನಲ್ಲಿ, ಅರಬಿ ಬಲ್ಲೆವೆಂಬ ಹೆಮ್ಮೆಯಿಂದ ಹೋದ ನಮ್ಮಿಂದ ಅಲ್ಲಾಹನು ಕೆಲಸ ತೆಗೆದುಕೊಂಡದ್ದು ಕನ್ನಡದ ಹತ್ತು ಅಂಕಿಗಳಿಂದ. ಅವನು ಯಾರಿಗೆ ಯಾವ ವಿದ್ಯೆಯನ್ನು ಯಾವ ದಿನಕ್ಕಾಗಿ ಕೊಟ್ಟಿರುತ್ತಾನೋ ಅವನೇ ಬಲ್ಲ.

ಡೇರೆ ಅಲ್ಲಿಂದ ಹತ್ತು ನಿಮಿಷದ ದಾರಿಯಷ್ಟೇ ಇತ್ತು. ಅಜ್ಜ ಅದರ ಬೇಲಿಯ ಪಕ್ಕದಲ್ಲೇ ಹಲವು ಬಾರಿ ಸುತ್ತಿದ್ದರು. ಗಾಲಿಕುರ್ಚಿಯಲ್ಲಿ ಕರೆದೊಯ್ಯುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಮ್ಮ ಮನಿಯಾಕಿ ಸಕ್ರಿ ಗುಳಿಗಿ ತಗೊಂಡಾಳೋ ಇಲ್ಲೋ?” ಎಂದು. ದಿನವಿಡೀ ಅನ್ನ ಮುಟ್ಟದಿದ್ದುದೂ ಅದೇ ಚಿಂತೆಯಿಂದ. “ತಗೊಂಡಿರುತ್ತಾರೆ ಅಜ್ಜಾ, ಜೊತೆಯವರು ಇದ್ದಾರಲ್ಲ” ಎಂದೆವು. ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಅದೇ ಪ್ರಶ್ನೆ; ನಾವು ಮತ್ತೆ ಅದೇ ಉತ್ತರ ಕೊಟ್ಟೆವು. ಹತ್ತು ಬಾರಿಯಾದರೂ ಕೇಳಿರಬೇಕು. ಹತ್ತು ಬಾರಿಯೂ ನಾವು ಮೃದುವಾಗಿಯೇ ಉತ್ತರಿಸಿದೆವು. ಡೇರೆಯ ಬಾಗಿಲಲ್ಲಿ ಅಜ್ಜಿ ಪತಿಯನ್ನು ಕಂಡು ಏನೂ ಹೇಳಲಾರದೆ ನೆಲಕ್ಕೆ ಕುಳಿತುಬಿಟ್ಟರು. ಅಜ್ಜ ನಮ್ಮ ತಲೆಯ ಮೇಲೆ ಕೈಯಿಟ್ಟು ಕನ್ನಡದಲ್ಲೇ ದುಆ ಮಾಡಿದರು.

ಆ ರಾತ್ರಿ ಊರಿಗೆ ಫೋನ್ ಮಾಡಿದೆವು. ನಮ್ಮ ತಂದೆಯವರಿಗೆ ಆಗಲೇ ಕಿವಿ ಮಂದವಾಗಿತ್ತು. “ಊಟ ಆಯಿತಾ?” ಎಂದು ಕೇಳಿದರು. ಆಯಿತೆಂದೆವು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದನ್ನೇ ಕೇಳಿದರು. ಆಗ, ನಾಲಗೆಯ ತುದಿಗೆ ಬಂದ ಸಿಡುಕು ಅಲ್ಲಿಯೇ ನಿಂತಿತು. ಅಂದಿನವರೆಗೆ ಎಷ್ಟು ಬಾರಿ “ಆಗಲೇ ಹೇಳಿದೆನಲ್ಲ” ಎಂದು ಫೋನ್ ಇಟ್ಟಿದ್ದೆವೋ ಲೆಕ್ಕವಿಲ್ಲ. ಅಪರಿಚಿತ ವೃದ್ಧರಿಗೆ ಹತ್ತು ಬಾರಿ ಮೃದುವಾಗಿ ಉತ್ತರಿಸಬಲ್ಲ ನಾಲಗೆಗೆ, ಹೆತ್ತ ತಂದೆಗೆ ಎರಡನೇ ಬಾರಿ ಉತ್ತರಿಸಲು ತಾಳ್ಮೆಯಿರಲಿಲ್ಲ. ಹಾಗಾದರೆ ಮಿನಾದಲ್ಲಿ ದಾರಿ ತಪ್ಪಿದವರು ಯಾರು? ಅಜ್ಜನ ಡೇರೆ ಹತ್ತು ನಿಮಿಷದ ದೂರದಲ್ಲಿತ್ತು. ನಾವು ನಮ್ಮ ಮನೆಯಿಂದ ಎಷ್ಟು ವರ್ಷಗಳ ದೂರ ಹೋಗಿದ್ದೆವೋ!

ದೂರದೇಶದ ಸೇವೆಯು ಮನುಷ್ಯನ ದೃಷ್ಟಿಯನ್ನು ಬದಲಿಸುತ್ತದೆ ಎಂದು ಹೇಳುವಾಗ ನಮ್ಮ ತಾತ್ಪರ್ಯ ಇಷ್ಟೇ. ಊರಿನಲ್ಲಿ ನಮಗೆ ಒಂದು ಸ್ಥಾನವಿರುತ್ತದೆ. ಉಸ್ತಾದ್, ಹಾಜಿ, ಧಣಿ, ಜಮಾಅತ್‌ನ ಅಧ್ಯಕ್ಷ ಎಂಬ ಹೆಸರುಗಳಿರುತ್ತವೆ. ಅವುಗಳ ಮರೆಯಲ್ಲಿ ನಮ್ಮ ಕಠಿಣತೆ ನಮಗೇ ಕಾಣದು. ಪರದೇಶದಲ್ಲಿ, ನಮ್ಮನ್ನು ಅರಿಯದ ದುರ್ಬಲನೊಬ್ಬನ ಮುಂದೆ ನಿಂತಾಗ ಆ ಹೆಸರುಗಳು ಕಳಚಿ ಬೀಳುತ್ತವೆ. ಉಳಿಯುವುದು ಕೈಯಲ್ಲಿರುವ ನೀರು ಮತ್ತು ಬಾಯಲ್ಲಿರುವ ಮಾತು.

ಇದು ನಮ್ಮ ದೀನ್‌ಗೆ ಹೊರಗಿನ ವಿಚಾರವಲ್ಲ. ಹಜ್ಜ್‌ನ ಕರ್ಮಗಳನ್ನೇ ನೋಡಿರಿ. ಸಫಾ ಮತ್ತು ಮರ್ವಾಗಳ ನಡುವೆ ಹಾಜಿ ಏಳು ಬಾರಿ ನಡೆಯುತ್ತಾನೆ. ಅದು ಯಾವ ಅರಸನ ಹೆಜ್ಜೆ? ಜನವಸತಿಯಿಲ್ಲದ ಕಣಿವೆಯಲ್ಲಿ, ಬಾಯಾರಿದ ಹಸುಗೂಸಿಗಾಗಿ ನೀರು ಹುಡುಕಿ ಓಡಿದ ಹಾಜರಾ ಬೀವಿ(ರ.ಅ.)ಯವರ ಹೆಜ್ಜೆ. ದಿಕ್ಕು ಕಾಣದ ಒಬ್ಬ ತಾಯಿಯ ಆತಂಕವನ್ನು ಅಲ್ಲಾಹನು ಕಿಯಾಮತ್‌ನವರೆಗೆ ಇಬಾದತ್ ಆಗಿ ಉಳಿಸಿದನು. ಆ ಹೆಜ್ಜೆಗಳನ್ನು ತುಳಿದು ಬಂದವನು ದಾರಿಯಲ್ಲಿ ಕುಸಿದ ಇನ್ನೊಬ್ಬ ತಾಯಿಯನ್ನು ದಾಟಿ ಹೋಗುವುದಾದರೆ, ಅವನ ಸಯೀ ಕಾಲಿನಿಂದ ನಡೆದಿದೆ, ಹೃದಯದಿಂದಲ್ಲ.

ಪ್ರವಾದಿವರ್ಯರು(ಸ) ತಮ್ಮ ಹಜ್ಜ್‌ನಲ್ಲಿ ದುರ್ಬಲರನ್ನು ಕಂಡ ರೀತಿಯೂ ಸಹೀಹ್ ಹದೀಸ್‌ಗಳಿಂದ ನಮಗೆ ತಿಳಿದಿದೆ. ಪತ್ನಿ ಸೌದಾ(ರ.ಅ.)ರವರು ಮೈಭಾರದಿಂದಾಗಿ ನಿಧಾನವಾಗಿ ನಡೆಯುವವರಾಗಿದ್ದರು. ಜನರ ನೂಕುನುಗ್ಗಲಿಗೆ ಮುಂಚೆ, ರಾತ್ರಿಯಲ್ಲೇ ಮುಝ್ದಲಿಫಾದಿಂದ ತೆರಳಲು ಅವರಿಗೆ ಅನುಮತಿ ದೊರೆಯಿತು. ಕುಟುಂಬದ ಇತರ ದುರ್ಬಲರನ್ನೂ ಹಾಗೆಯೇ ಮುಂದಾಗಿ ಕಳುಹಿಸಲಾಯಿತು. ಪಿತೃವ್ಯ ಅಬ್ಬಾಸ್(ರ.ಅ.)ರವರು ಹಾಜಿಗಳಿಗೆ ನೀರುಣಿಸುವ ಹೊಣೆ ಹೊತ್ತವರಾಗಿದ್ದರು. ಆ ಕಾರಣಕ್ಕಾಗಿ ಮಿನಾದ ರಾತ್ರಿಗಳನ್ನು ಮಕ್ಕಾದಲ್ಲಿ ಕಳೆಯಲು ಅವರು ಅನುಮತಿ ಕೇಳಿದಾಗ ಪ್ರವಾದಿವರ್ಯರು(ಸ) ಅದನ್ನು ಕೊಟ್ಟರು. ಯೋಚಿಸಿರಿ: ಬಾಯಾರಿದವರ ನೀರಿಗಾಗಿ ಹಜ್ಜ್‌ನ ಒಂದು ಕರ್ಮದಲ್ಲಿಯೇ ರಿಯಾಯಿತಿ! ಇನ್ನೊಂದು ಯಾತ್ರೆಯ ಸುಡುಬಿಸಿಲಿನಲ್ಲಿ ಉಪವಾಸವಿದ್ದವರು ಬಳಲಿ ಬಿದ್ದಾಗ, ಉಪವಾಸವಿಲ್ಲದವರು ಡೇರೆ ಹಾಕಿ ಒಂಟೆಗಳಿಗೆ ನೀರುಣಿಸಿದರು. ಆ ದಿನದ ಪ್ರತಿಫಲವನ್ನು ಉಪವಾಸವಿಲ್ಲದ ಆ ಸೇವಕರೇ ಕೊಂಡೊಯ್ದರೆಂದು ಪ್ರವಾದಿವರ್ಯರು(ಸ) ತಿಳಿಸಿದರು.

ಆದರೆ ಇದೇ ವಿಷಯದಲ್ಲಿ ಒಂದು ಎಚ್ಚರಿಕೆಯೂ ಇದೆ. ಹಾಜಿಗಳಿಗೆ ನೀರುಣಿಸುವುದನ್ನೇ ದೊಡ್ಡಸ್ತಿಕೆಯಾಗಿ ಹೇಳಿಕೊಂಡವರಿಗೆ, ಅದು ಅಲ್ಲಾಹನ ಮೇಲಿನ ವಿಶ್ವಾಸಕ್ಕೂ ಅವನ ಮಾರ್ಗದಲ್ಲಿನ ಪರಿಶ್ರಮಕ್ಕೂ ಸಮವಲ್ಲ ಎಂದು ಪವಿತ್ರ ಕುರ್‌ಆನ್‌ನ ಅತ್ತೌಬಾ ಅಧ್ಯಾಯವು ನೆನಪಿಸುತ್ತದೆ. ಸೇವೆಯೂ ಅಹಂಕಾರದ ಮೆಟ್ಟಿಲಾಗಬಲ್ಲದು. ಇಂದು ಅದರ ರೂಪ ಬದಲಾಗಿದೆ. ಗಾಲಿಕುರ್ಚಿಯಲ್ಲಿ ಕುಳಿತ, ಬಟ್ಟೆ ಜಾರಿದ, ಕಣ್ಣೀರಿಡುವ ವೃದ್ಧರ ಭಾವಚಿತ್ರಗಳು ಅವರು ಡೇರೆ ತಲುಪುವ ಮೊದಲೇ ವಾಟ್ಸಾಪ್ ತಲುಪುತ್ತವೆ. ಆ ಅಜ್ಜನ ಮಕ್ಕಳು ಗದಗದಲ್ಲಿ ತಂದೆಯನ್ನು ಆ ಸ್ಥಿತಿಯಲ್ಲಿ ಕಾಣುವುದನ್ನು ನಾವು ಬಯಸುತ್ತೇವೆಯೇ? ನಮ್ಮ ತಂದೆಯ ಅಂತಹ ಚಿತ್ರವನ್ನು ನಾವು ಹಂಚುತ್ತೇವೆಯೇ? ನಿಸ್ಸಹಾಯಕನ ಮುಖ ಅವನ ಅಮಾನತ್. ಅದು ನಮ್ಮ ಪುಣ್ಯದ ರಶೀದಿಯಲ್ಲ.

ಇನ್ನು ಕೆಲವರು ಕೇಳಬಹುದು: ಊರಿನಲ್ಲೇ ಬಡವರೂ ರೋಗಿಗಳೂ ಇರುವಾಗ ಪರದೇಶದ ಸೇವೆ ಏಕೆ? ನ್ಯಾಯವಾದ ಪ್ರಶ್ನೆ. ಇದಕ್ಕಾಗಿಯೇ ವಿಮಾನ ಹತ್ತಿ ಹೋಗಬೇಕೆಂದು ನಾವು ಹೇಳುವುದಿಲ್ಲ. ಹೊಟ್ಟೆಪಾಡಿಗಾಗಿ ಗಲ್ಫ್‌ನಲ್ಲಿ ಇರುವವರು ಅಲ್ಲಿ ಸಿಗುವ ಅವಕಾಶವನ್ನು ಕಳೆದುಕೊಳ್ಳದಿರಲಿ ಎಂದಷ್ಟೇ ನಮ್ಮ ಮಾತು. ಮತ್ತು ಅಲ್ಲಿ ಪಡೆದ ಕಣ್ಣು ಊರಿನಲ್ಲಿ ಮುಚ್ಚಿಕೊಳ್ಳಬಾರದು. ಇಂದು ನಮ್ಮ ಪೇಟೆಗಳಲ್ಲಿ ಬಂಗಾಳ, ಅಸ್ಸಾಮ್, ಬಿಹಾರಗಳಿಂದ ಬಂದ ಕೂಲಿ ಕಾರ್ಮಿಕರು ಎಷ್ಟು ಮಂದಿ ಇದ್ದಾರೆ! ಆಸ್ಪತ್ರೆಯ ಕಿಟಕಿಯ ಮುಂದೆ ಚೀಟಿ ಹಿಡಿದು, ಭಾಷೆ ತಿಳಿಯದೆ, ಗದರಿಸಿಕೊಳ್ಳುತ್ತಾ ನಿಂತವರನ್ನು ಕಂಡಾಗ ನಮಗೆ ಆ ಸೇತುವೆಯ ನೆರಳು ನೆನಪಾಗುತ್ತದೆ. ಅವರೂ ತಮ್ಮ ಊರಿನಲ್ಲಿ ಯಾರದೋ ಅಜ್ಜ, ಯಾರದೋ ತಂದೆ.

ಮಿನಾದ ಆ ದಿನಗಳು ನಮ್ಮ ಪಾಠದ ಕ್ರಮವನ್ನೂ ಬದಲಿಸಿದವು. ದಾರಿ ತಪ್ಪಿದವರಲ್ಲಿ, ಕುಸಿದು ಬಿದ್ದವರಲ್ಲಿ ಬಹುಪಾಲು ವೃದ್ಧರೇ ಏಕೆ? ಯೋಚಿಸಿದಾಗ ಉತ್ತರ ನಮ್ಮ ಮನೆಗಳಲ್ಲೇ ಇತ್ತು. ಹೆಣ್ಣುಮಕ್ಕಳ ಮದುವೆಯಾಗಲಿ, ಮನೆ ಕಟ್ಟಲಿ, ಸಾಲ ತೀರಲಿ, ಅಂಗಡಿ ಮಗನ ಕೈಗೆ ಬರಲಿ ಎಂದು ಹಜ್ಜ್ ಅನ್ನು ಬದುಕಿನ ಕೊನೆಯ ಸಾಲಿಗೆ ಬರೆದಿಡುವವರು ನಾವು. ಸಾಮರ್ಥ್ಯ ಬಂದ ಬಳಿಕವೂ, ನೆರವೇರಿಸುವ ದೃಢ ಸಂಕಲ್ಪವಿದ್ದರೆ ಹಜ್ಜ್ ಮುಂದೂಡಲು ಶಾಫಿಈ ಮದ್‌ಹಬ್‌ನಲ್ಲಿ ಅವಕಾಶವಿದೆ. ಆ ಅವಕಾಶವನ್ನೇ ನಾವು ಪದ್ಧತಿಯಾಗಿಸಿಕೊಂಡೆವು. ನಮ್ಮ ತಂದೆಯವರು ಸಹ ಹಾಗೆಯೇ ಮಾಡಿದರು. ನಮ್ಮ ಸಹೋದರಿಯರ ಮದುವೆಗಳು ಮುಗಿಯುವಷ್ಟರಲ್ಲಿ ಅವರ ಮೊಣಕಾಲುಗಳು ಮುಗಿದಿದ್ದವು. ಕೊನೆಗೆ ಅವರ ಬದಲಿಗೆ ನಾವು ಹಜ್ಜ್ ನಿರ್ವಹಿಸಿದೆವು. ಶರೀಅತ್ ಆ ಬಾಗಿಲನ್ನು ತೆರೆದಿಟ್ಟಿರುವುದು ದೊಡ್ಡ ಕಾರುಣ್ಯ. ಆದರೆ ಕಅಬಾವನ್ನು ತಾವೇ ಕಾಣಲಿಲ್ಲವೆಂಬ ಕೊರಗನ್ನು ಅವರ ಕಣ್ಣಿನಿಂದ ಅಳಿಸಲು ನಮ್ಮಿಂದಾಗಲಿಲ್ಲ.

ಬಿಸಿಲಿನ ತೀವ್ರತೆಯೂ ಈಗ ಹಿಂದಿನಂತಿಲ್ಲ. 2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣಾಂಶ 51 ಡಿಗ್ರಿ ದಾಟಿತ್ತು. ಆ ವರ್ಷ 1,301 ಮಂದಿ ಮೃತಪಟ್ಟರೆಂದೂ ಅವರಲ್ಲಿ ಶೇಕಡಾ 83ರಷ್ಟು ಮಂದಿ ಅನುಮತಿಯಿಲ್ಲದೆ ಬಂದು, ನೆರಳಾಗಲೀ ಡೇರೆಯಾಗಲೀ ಇಲ್ಲದೆ ಬಹುದೂರ ನಡೆದವರೆಂದೂ ಸೌದಿ ಸರಕಾರವೇ ತಿಳಿಸಿತು. ಆದುದರಿಂದ ಅಡ್ಡದಾರಿಯಲ್ಲಿ ಹಜ್ಜ್‌ಗೆ ಹೋಗುವುದು ಸಾಹಸವಲ್ಲ, ಪ್ರಾಣಾಪಾಯ. ಸೇವೆಗೆ ಹೋಗುವವರೂ ಅನುಮತಿಯೊಂದಿಗೇ ಹೋಗಬೇಕು. ನಿಯಮ ಮುರಿದು ಮಾಡುವ ಸೇವೆ ಇನ್ನೊಬ್ಬರಿಗೆ ಭಾರವಾಗುತ್ತದೆ.

ಹೆತ್ತವರನ್ನು ಹಜ್ಜ್‌ಗೆ ಕಳುಹಿಸುವ ಮಕ್ಕಳಲ್ಲಿ ನಮ್ಮ ವಿನಂತಿ: ವಿಮಾನ ನಿಲ್ದಾಣದಲ್ಲಿ ಹಾರ ಹಾಕುವುದಕ್ಕಿಂತ ಮೊದಲು ಆರು ತಿಂಗಳು ಅವರೊಂದಿಗೆ ಪ್ರತಿದಿನ ನಡೆಯಿರಿ. ಕೈಪಟ್ಟಿಯನ್ನು ಬಿಚ್ಚಬಾರದೆಂದು ಹೇಳಿಕೊಡಿರಿ. ಹೆಸರು, ಕಾಯಿಲೆ, ಗುಳಿಗೆ, ಫೋನ್ ಸಂಖ್ಯೆಗಳನ್ನು ಕನ್ನಡದ ಜೊತೆಗೆ ಅರಬಿ ಮತ್ತು ಇಂಗ್ಲಿಷ್‌ನಲ್ಲೂ ಬರೆದು ಕೊರಳಿಗೆ ತೂಗುಹಾಕಿರಿ. ಕೊಡೆ ಕೊಡಿರಿ. ಸಾಧ್ಯವಾದರೆ ನೀವೇ ಜೊತೆಗೆ ಹೋಗಿರಿ. ಹಜ್ಜ್ ತರಗತಿ ನಡೆಸುವ ಉಸ್ತಾದರುಗಳಲ್ಲಿಯೂ ಒಂದು ಮಾತು: ಮಸ್‌ಅಲಗಳ ಜೊತೆಗೆ, ಪಕ್ಕದವರು ಕುಸಿದರೆ ಏನು ಮಾಡಬೇಕೆಂಬುದನ್ನೂ ಕಲಿಸೋಣ. ಮೊದಲು ನೀರು, ಆಮೇಲೆ ಪ್ರಶ್ನೆ.

ಆ ನಾಲ್ಕು ದಿನಗಳಿಂದ ನಾವು ಪೂರ್ಣವಾಗಿ ಬದಲಾದೆವೆಂದು ಹೇಳುವ ಧೈರ್ಯ ನಮಗಿಲ್ಲ. ಸಿಡುಕು ಈಗಲೂ ಬರುತ್ತದೆ. ಆದರೆ ಊರಿಗೆ ಮರಳಿದ ಬಳಿಕ ತಂದೆಯವರು ನಾಲ್ಕು ವರ್ಷ ನಮ್ಮೊಂದಿಗಿದ್ದರು. ಊಟ ಆಯಿತಾ ಎಂದು ಅವರು ಎಷ್ಟು ಬಾರಿ ಕೇಳಿದರೋ ಅಷ್ಟು ಬಾರಿ ಉತ್ತರಿಸಲು ಪ್ರಯತ್ನಿಸಿದೆವು. ಈಗ ಆ ಪ್ರಶ್ನೆ ಕೇಳುವವರಿಲ್ಲ. ಯಾರ ಮನೆಯಲ್ಲಿ ಆ ಪ್ರಶ್ನೆ ಇನ್ನೂ ಕೇಳಿಬರುತ್ತಿದೆಯೋ ಅವರು ಭಾಗ್ಯವಂತರು. ಮಿನಾಕ್ಕೆ ಹೋಗುವ ಮೊದಲು ಅವರ ಸೇವೆ ಅಲ್ಲಿಂದಲೇ ಆರಂಭವಾಗಲಿ.

ಆ ಗದಗದ ಅಜ್ಜನನ್ನೂ ಅಜ್ಜಿಯನ್ನೂ ನಾವು ಮತ್ತೆ ಕಾಣಲಿಲ್ಲ. ಅವರು ಎಲ್ಲಿದ್ದರೂ ಅಲ್ಲಾಹನು ಅವರ ಹಜ್ಜ್ ಅನ್ನು ಸ್ವೀಕರಿಸಲಿ. ದಾರಿ ತಪ್ಪಿದವರಿಗೆ ದಾರಿ ತೋರುವ ಕೈಗಳನ್ನು ನಮಗೆ ದಯಪಾಲಿಸಲಿ, ನಾವು ದಾರಿ ತಪ್ಪಿದಾಗ ನಮ್ಮ ಭಾಷೆ ಬಲ್ಲ ಒಬ್ಬರನ್ನು ನಮ್ಮ ಬಳಿಗೂ ಕಳುಹಿಸಲಿ. ಆಮೀನ್.